ಹವ್ಯಾಸದ ಯಂತ್ರವನ್ನು ಬಾಡಿಗೆಗೆ ದುಡಿಸಿದಾಗ: ಸವಕಳಿ ಮತ್ತು ಮರುಮಾರಾಟದ ಬೆಲೆ

ಯಂತ್ರದ ಪ್ರಾಯವನ್ನು ವರ್ಷದಲ್ಲಿ ಹೇಳುವುದು ನಮ್ಮಲ್ಲಿ ರೂಢಿ. ಎಮ್ಮೆಯ ಪ್ರಾಯ, ಅಡಿಕೆ ಮರದ ಪ್ರಾಯ ಹೇಳಿದಂತೆಯೇ 'ಎರಡು ವರ್ಷದ್ದು, ಇನ್ನೂ ಹೊಸದು' ಎನ್ನುತ್ತೇವೆ. ಕೊಳ್ಳುವವರೂ ಅದೇ ಮಾತಿನ ಮೇಲೆ ಬೆಲೆ ಕಟ್ಟುತ್ತಾರೆ. ಆದರೆ ಬಿಡುವಿನ ವೇಳೆಯ ಹವ್ಯಾಸಕ್ಕೆಂದು ತಯಾರಾದ ಯಂತ್ರವೊಂದನ್ನು ಬೆಳಗಿನಿಂದ ಸಂಜೆಯವರೆಗೆ ಬಾಡಿಗೆಗೆ ದುಡಿಸಿದ್ದರೆ ಈ ಮಾತಿಗೆ ಅರ್ಥ ಉಳಿಯುವುದಿಲ್ಲ. ಅಂಥ ಯಂತ್ರ ಎಷ್ಟು ಸವೆಯುತ್ತದೆ, ಸವೆದ ಮೇಲೆ ಅದಕ್ಕೆ ಯಾವ ಬೆಲೆ ನ್ಯಾಯ ಎಂಬುದನ್ನು ಈ ಸಂಚಿಕೆಯಲ್ಲಿ ವಿಚಾರಿಸೋಣ. ಉದಾಹರಣೆಗೆ ತೆಗೆದುಕೊಂಡಿರುವುದು ಮರದ ಮೇಲೆ ಚಿತ್ತಾರ ಕೊರೆಯುವ ಸಣ್ಣ ಯಂತ್ರವನ್ನು.

ಅಡಿಕೆ, ಕಾಫಿ ಬೆಳೆಗಾರರ ಪತ್ರಿಕೆಯಲ್ಲಿ ಮರಗೆತ್ತನೆಯ ಯಂತ್ರವೇಕೆ ಎಂದು ಕೇಳುವವರಿದ್ದಾರು. ಎಲೆಚುಕ್ಕಿ ರೋಗ ತೋಟಗಳಿಗೆ ಹಬ್ಬಿದಂದಿನಿಂದ ಉಪ ಆದಾಯದ ದಾರಿ ಹುಡುಕುವುದು ಅನೇಕ ಮನೆಗಳಲ್ಲಿ ಅನಿವಾರ್ಯವಾಗಿದೆ. ನಮ್ಮ ಸದಸ್ಯರೊಬ್ಬರ ಮಗ, ತಾಂತ್ರಿಕ ಶಿಕ್ಷಣ ಮುಗಿಸಿ ಊರಿಗೆ ಮರಳಿದ ಹುಡುಗ, ಸಂಘಕ್ಕೆ ಸಾಲದ ಅರ್ಜಿ ಕೊಟ್ಟಿದ್ದಾನೆ. ಕಾಫಿಯ ನೆರಳಿಗೆಂದು ಹಚ್ಚಿದ ಸಿಲ್ವರ್ ಓಕ್ ಮರಗಳೂ ಗಾಳಿಗೆ ಬಿದ್ದ ಹಲಸಿನ ಮರವೊಂದೂ ಹಲಗೆಯಾಗಿ ಅವರ ಕೊಟ್ಟಿಗೆಯಲ್ಲಿ ಒಣಗುತ್ತಿವೆ. ಅವುಗಳಲ್ಲಿ ನಾಮಫಲಕ, ದೇವರ ಮಂಟಪ, ಬಾಗಿಲಿನ ಹಲಗೆ ಕೊರೆದು ಮಾರಬೇಕೆಂಬುದು ಅವನ ಯೋಜನೆ. ಹುಬ್ಬಳ್ಳಿಯಿಂದ ಗದಗಿಗೆ ಹೋಗುವ ದಾರಿಯ ಶಿರಗುಪ್ಪಿಯಲ್ಲಿ ಬಡಿಗೇರರೊಬ್ಬರ ಯಂತ್ರ ಮಾರಾಟಕ್ಕಿದೆ. ಹೊಸದರ ಬೆಲೆ ರೂ. 1,00,000, ಕೇಳುವ ಬೆಲೆ ರೂ. 70,000, ಪ್ರಾಯ ಎರಡು ವರ್ಷ. ಆಧಾರಕ್ಕೆ ಆ ಯಂತ್ರವನ್ನೇ ಬರೆದುಕೊಡುವುದಾಗಿ ಅರ್ಜಿಯಲ್ಲಿದೆ. ಹಾಗಾಗಿ ಯಂತ್ರದ ಬೆಲೆ ಎಷ್ಟೆಂಬ ಪ್ರಶ್ನೆ ಆ ಹುಡುಗನದಷ್ಟೇ ಅಲ್ಲ, ಸಂಘದ ಪಾಲು ಹಣ ಕಟ್ಟಿದ ಎಲ್ಲರದೂ ಆಯಿತು.

ಈ ಯಂತ್ರದ ರಚನೆ ಸರಳ. ಒಂದು ಮೇಜು, ಅದರ ಮೇಲೆ ಎಡಬಲಕ್ಕೆ, ಹಿಂದುಮುಂದಕ್ಕೆ, ಮೇಲುಕೆಳಕ್ಕೆ ಚಲಿಸುವ ಒಂದು ತಲೆ, ಆ ತಲೆಯಲ್ಲಿ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಮೋಟಾರು, ಅದರ ತುದಿಯಲ್ಲಿ ಕೊರೆಯುವ ಬಿಟ್ಟು. ಕಂಪ್ಯೂಟರಿನಲ್ಲಿ ಬಿಡಿಸಿದ ವಿನ್ಯಾಸದಂತೆ ತಲೆ ಚಲಿಸುತ್ತದೆ. ಪೇಟೆಯಲ್ಲಿ ಇವನ್ನು ಮೇಜಿನ ಅಳತೆಯಿಂದಲೇ ಕರೆಯುತ್ತಾರೆ. 3018 ಎಂದರೆ 300 ಮಿ.ಮೀ. ಉದ್ದ, 180 ಮಿ.ಮೀ. ಅಗಲ, 6090 ಎಂದರೆ 600ಕ್ಕೆ 900, 1325 ಎಂದರೆ 1300ಕ್ಕೆ 2500, ಅಂದರೆ ನಾಲ್ಕಡಿಗೆ ಎಂಟಡಿಯ ಇಡೀ ಹಲಗೆ ಹಿಡಿಸುವಂಥದು. ಬಾಗಿಲು ಕೊರೆಯುವ ಅಂಗಡಿಗಳಲ್ಲಿರುವುದು ಈ ಕೊನೆಯ ಜಾತಿ. ಅದಕ್ಕೆ ಕಬ್ಬಿಣದ ದಪ್ಪ ಚೌಕಟ್ಟು, ಕ್ವಿಂಟಲುಗಟ್ಟಲೆ ತೂಕ. ಹವ್ಯಾಸದ ಯಂತ್ರದ್ದು ಅಲ್ಯೂಮಿನಿಯಂ ಕಂಬಿಯ ಚೌಕಟ್ಟು. ಇಬ್ಬರು ಎತ್ತಿ ಜೀಪಿನಲ್ಲಿಡಬಹುದು. ಕೊರೆದ ಹೂವು ಎರಡರಲ್ಲೂ ಒಂದೇ ರೀತಿ ಕಾಣುವುದರಿಂದ ಹೊಸದಾಗಿ ನೋಡುವವರಿಗೆ ವ್ಯತ್ಯಾಸ ತಿಳಿಯುವುದಿಲ್ಲ.

ಅಂಗಡಿಗೆ ಹೋಗಿ ಮನೆಗೆ ಕೊಂಡೊಯ್ಯುವ ಸರಕಾಗಿ ಇಂಥ ಯಂತ್ರ ಬಂದದ್ದು ಈಚೆಗೆ. 2006-07ರ ಸುಮಾರಿಗೆ ಅಮೆರಿಕದಲ್ಲಿ ಕಾರ್ವ್‌ರೈಟ್ ಎಂಬ ಯಂತ್ರ ಮಾರಾಟಕ್ಕೆ ಬಂತು. ಸಿಯರ್ಸ್ ಅಂಗಡಿಗಳಲ್ಲಿ ಅದನ್ನೇ ಕಾಂಪ್ಯುಕಾರ್ವ್ ಎಂಬ ಹೆಸರಿನಲ್ಲಿ ಮಾರಿದರು. ಹಲಗೆಯನ್ನು ಒಂದು ಬದಿಯಿಂದ ತೂರಿಸಿದರೆ ಉರುಳೆಗಳು ಅದನ್ನು ಹಿಂದೆಮುಂದೆ ಸರಿಸುವಂಥ ರಚನೆ. ಮೋಟಾರಿನ ಶಕ್ತಿ ಬಿಟ್ಟಿಗೆ ತಲಪುತ್ತಿದ್ದದ್ದು ಬಳುಕುವ ಒಂದು ತಂತಿಯ ಮೂಲಕ. ಭಾನುವಾರದ ಬಡಗಿಗೆ ಅದು ಒಳ್ಳೆಯ ಸಂಗಾತಿಯೇ ಸರಿ. ಆದರೆ ಅದರ ಬಿಡಿಭಾಗ, ವಿನ್ಯಾಸದ ಕಾರ್ಯಕ್ರಮ ಎಲ್ಲವೂ ಆ ತಯಾರಕರದೇ. ಬೇರೆ ಕಡೆ ಸಿಗುವಂಥವಲ್ಲ. ಮರುಮಾರಾಟದಲ್ಲಿ ಇದು ದೊಡ್ಡ ಮಾತು. ಹುಬ್ಬಳ್ಳಿಯ ಪೇಟೆಯಲ್ಲಿ ಸಿಗುವ ಬೇರಿಂಗು, ಯಾವ ಕಂಪನಿಯದಾದರೂ ಕೂಡುವ ಮೋಟಾರು ಇರುವ ಯಂತ್ರ ಹತ್ತು ವರ್ಷದ ನಂತರವೂ ರಿಪೇರಿಯಾದೀತು. ಒಬ್ಬನೇ ತಯಾರಕನನ್ನು ನೆಚ್ಚಿದ ಯಂತ್ರ ಎಷ್ಟು ಚೊಕ್ಕವಾಗಿದ್ದರೂ ಅದರ ಬೆಲೆ ಆ ತಯಾರಕನ ಅಂಗಡಿಯ ಬಾಗಿಲು ತೆರೆದಿರುವವರೆಗೆ ಮಾತ್ರ.

ಈಗ ಗಂಟೆಯ ಲೆಕ್ಕಕ್ಕೆ ಬರೋಣ. ಹವ್ಯಾಸಿಯೊಬ್ಬ ವಾರಕ್ಕೊಮ್ಮೆ ನಾಲ್ಕು ಗಂಟೆ ಯಂತ್ರ ಓಡಿಸಿದರೆ ವರ್ಷಕ್ಕೆ 208 ಗಂಟೆ. ದಿನಕ್ಕೆ ಏಳು ಗಂಟೆಯಂತೆ ವರ್ಷಕ್ಕೆ 280 ದಿನ ಬಾಡಿಗೆ ಕೆಲಸ ಮಾಡಿದರೆ 1,960 ಗಂಟೆ. ಅಂದರೆ ಬಾಡಿಗೆಯ ಎರಡು ವರ್ಷ ಹವ್ಯಾಸದ ಹತ್ತೊಂಬತ್ತು ವರ್ಷಕ್ಕೆ ಸಮ. ಇಷ್ಟಕ್ಕೇ ಮುಗಿಯುವುದಿಲ್ಲ. ಬಾಡಿಗೆಯವನಿಗೆ ಅವಸರ; ಎರಡು ಸಲ ಹಗುರವಾಗಿ ಕೊರೆಯಬೇಕಾದ ಆಳವನ್ನು ಒಂದೇ ಸಲಕ್ಕೆ ಕೊರೆಯುತ್ತಾನೆ. ಗುಂಡಿನ ಬೇರಿಂಗುಗಳ ವಿಷಯದಲ್ಲಿ ಇಂಜಿನಿಯರುಗಳು ಬಳಸುವ ಒಂದು ನಿಯಮವಿದೆ: ಅದರ ಆಯುಷ್ಯ ಭಾರದ ಘನಕ್ಕೆ ವಿಲೋಮವಾಗಿ ಇಳಿಯುತ್ತದೆ. ಸುಲಭವಾಗಿ ಹೇಳುವುದಾದರೆ, ಹೊರಿಸುವ ಭಾರ ಇಮ್ಮಡಿಯಾದರೆ ಆಯುಷ್ಯ ಅರ್ಧವಾಗುವುದಲ್ಲ, ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಬಾಡಿಗೆಗೆ ಬಳಸಿದರೆ ಖಾತರಿ ಅನ್ವಯಿಸದೆಂದು ಅನೇಕ ತಯಾರಕರು ಸಣ್ಣ ಅಕ್ಷರದಲ್ಲಿ ಅಚ್ಚು ಹಾಕಿರುತ್ತಾರೆ. ಅದು ಬರಿಯ ಜಾಣತನವಲ್ಲ, ಅದರ ಹಿಂದೆ ಈ ಲೆಕ್ಕವಿದೆ.

ಎಲ್ಲ ಭಾಗಗಳೂ ಒಂದೇ ಸಮನೆ ಸವೆಯುವುದಿಲ್ಲವೆಂಬುದು ಮುಖ್ಯ. ಚೌಕಟ್ಟು ಬಹುಮಟ್ಟಿಗೆ ಸವೆಯುವುದೇ ಇಲ್ಲ; ತಲೆಯನ್ನು ಸರಿಸುವ ಸ್ಟೆಪ್ಪರ್ ಮೋಟಾರುಗಳಲ್ಲಿ ಬ್ರಶ್ ಇಲ್ಲದ ಕಾರಣ ಅವೂ ಬಾಳುತ್ತವೆ. ಬೇಗ ಸಾಯುವುದು ಬಿಟ್ಟನ್ನು ತಿರುಗಿಸುವ ಮೋಟಾರು. ಹವ್ಯಾಸದ ಯಂತ್ರಗಳಲ್ಲಿ ಅನೇಕ ವೇಳೆ ಬಡಗಿಯ ಕೈ ರೂಟರಿನದೇ ಮೋಟಾರು ಕೂರಿಸಿರುತ್ತಾರೆ. ಅದರ ಕಾರ್ಬನ್ ಬ್ರಶ್ಶುಗಳಿಗೆ ಕೆಲವು ನೂರು ಗಂಟೆಯ ಆಯುಷ್ಯ. ಅವನ್ನು ಬದಲಿಸುವುದು ಸುಲಭ, ಬೆಲೆಯೂ ಹೆಚ್ಚಲ್ಲ. ಆದರೆ ಬ್ರಶ್ಶು ಉಜ್ಜುವ ತಾಮ್ರದ ಕಮ್ಯುಟೇಟರು ಸವೆದು ಗೀರು ಬಿದ್ದಿತೆಂದರೆ ಹೊಸ ಬ್ರಶ್ಶೂ ಬೇಗನೆ ತೀರುತ್ತದೆ. ಆಗ ಮೋಟಾರನ್ನೇ ಬದಲಿಸಬೇಕು. ದೊಡ್ಡ ಯಂತ್ರಗಳ ಸ್ಪಿಂಡಲಿಗೆ ಬ್ರಶ್ ಇರುವುದಿಲ್ಲ. 400 ಹರ್ಟ್ಸ್ ವಿದ್ಯುತ್ತಿನಲ್ಲಿ ಅದು ನಿಮಿಷಕ್ಕೆ 24,000 ಸುತ್ತು ತಿರುಗುತ್ತದೆ, ನೀರಿನಿಂದಲೋ ಗಾಳಿಯಿಂದಲೋ ತಂಪಾಗುತ್ತದೆ. ಅಲ್ಲಿ ಹೋಗುವುದು ಬೇರಿಂಗು. ನೀರಿನ ಪಂಪು ನಿಂತದ್ದನ್ನು ಗಮನಿಸದಿದ್ದರೆ ಇಡೀ ಸ್ಪಿಂಡಲೇ ಸುಡುತ್ತದೆ.

ಎರಡನೆಯ ಸವೆತ ಚಲಿಸುವ ಭಾಗಗಳದು: ಹಳಿ, ಗಾಲಿ, ಸ್ಕ್ರೂ, ಅದರ ಮೇಲೆ ಓಡುವ ನಟ್ಟು. ಇಲ್ಲಿ ಒಂದು ಸೂಕ್ಷ್ಮವಿದೆ, ಬಳಸಿದ ಯಂತ್ರ ಕೊಳ್ಳುವವರಿಗೆ ಇದೊಂದು ತಿಳಿದರೂ ಸಾಕು. ಕೆಲಸವೆಲ್ಲ ನಡೆಯುವುದು ಮೇಜಿನ ನಡುವೆ. ಆದ್ದರಿಂದ ಸ್ಕ್ರೂ ಸವೆಯುವುದೂ ನಡುವೆಯೇ. ತುದಿಗಳು ಹೊಸದರಂತೆ ಉಳಿದಿರುತ್ತವೆ. ನಡುವೆ ಸಡಿಲವಾಯಿತೆಂದು ನಟ್ಟನ್ನು ಬಿಗಿದರೆ ನಡುವೆ ಸರಿಹೋಗಿ ತುದಿಯಲ್ಲಿ ಸಿಕ್ಕಿಕೊಳ್ಳುತ್ತದೆ. ನಟ್ಟು ಮಾತ್ರ ಸವೆದಿದ್ದರೆ ಅಲ್ಪ ಖರ್ಚಿನ ಕೆಲಸ. ಸ್ಕ್ರೂ ಸಹ ಸವೆದಿದ್ದರೆ ಹೊಸ ನಟ್ಟು ಹಾಕಿಯೂ ಉಪಯೋಗವಿಲ್ಲ. ಮಾರುವವನು ನಡುವೆ ಒಂದು ಸಣ್ಣ ಹೂವು ಕೊರೆದು ತೋರಿಸಿದರೆ ಅದರಿಂದ ಏನೂ ತಿಳಿಯುವುದಿಲ್ಲ. ಮೇಜಿನ ನಾಲ್ಕು ಮೂಲೆ ಮುಟ್ಟುವಂಥ ವಿನ್ಯಾಸ ಕೊರೆಯಲು ಹೇಳಬೇಕು.

ಧೂಳಿನ ವಿಷಯ. ಯಾವ ಮರ ಕೊರೆದಿದ್ದಾರೆಂದು ಕೇಳುವುದನ್ನು ಮರೆಯಬಾರದು. ತೇಗದಲ್ಲಿ ಮರಳಿನಂಥ ಸಿಲಿಕಾ ಅಂಶವಿದೆ; ಬಿಟ್ಟಿನ ಅಲಗು ಬೇಗ ಮೊಂಡಾಗುತ್ತದೆ, ಮೊಂಡು ಬಿಟ್ಟು ಬೇರಿಂಗಿನ ಮೇಲೆ ಭಾರ ಹೆಚ್ಚಿಸುತ್ತದೆ. ಎಂ.ಡಿ.ಎಫ್. ಹಲಗೆಯಲ್ಲಿರುವ ಅಂಟೂ ಅಲಗನ್ನು ತಿನ್ನುತ್ತದೆ, ಮೇಲಾಗಿ ಅದರ ಧೂಳು ಹಿಟ್ಟಿನಷ್ಟು ನಯವಾಗಿ ಹಳಿ, ಗಾಲಿ, ಬೇರಿಂಗು, ವಿದ್ಯುತ್ ಪೆಟ್ಟಿಗೆ ಎಲ್ಲದರೊಳಗೂ ಇಳಿಯುತ್ತದೆ. ಎಣ್ಣೆಯೊಂದಿಗೆ ಬೆರೆತರೆ ಅದೇ ಸಾಣೆಯ ಮಸಿ. ಇನ್ನು ತಲೆಯೊಂದಿಗೆ ಸದಾ ಹಿಂದುಮುಂದಾಗುವ ವೈರುಗಳು ಒಳಗೇ ತುಂಡಾಗುತ್ತವೆ. ಹೊರಗೆ ಏನೂ ಕಾಣದು, ಕೆಲಸದ ನಡುವೆ ಯಂತ್ರ ದಾರಿ ತಪ್ಪುತ್ತದೆ.

ನಮ್ಮ ಕಡೆಯ ಗುಡಿಗಾರರಿಗೆ ಈ ತಾಪತ್ರಯವಿರಲಿಲ್ಲವೆಂದು ಅನಿಸುತ್ತದೆ. ಶಿರಸಿ, ಸಾಗರ, ಸೊರಬ, ಕುಮಟಾ, ಹೊನ್ನಾವರಗಳಲ್ಲಿ ಗಂಧದ ಕೆತ್ತನೆಯನ್ನು ಕುಲಕಸುಬಾಗಿ ನಡೆಸಿಕೊಂಡು ಬಂದ ಆ ಮನೆತನಗಳಲ್ಲಿ ಉಳಿಯನ್ನು ಮಸೆದು ಮಸೆದು ಗಿಡ್ಡವಾದ ಮೇಲೂ ಸಣ್ಣ ಕೆಲಸಕ್ಕೆ ಬಳಸುತ್ತಿದ್ದರು. ಉಳಿಯ ಸವೆತ ಕಣ್ಣಿಗೆ ಕಾಣುತ್ತದೆ, ಯಂತ್ರದ್ದು ಕಾಣುವುದಿಲ್ಲ. ಈ ಹುಡುಗನಿಗೂ ನಾವು ಹೇಳಿರುವುದು, ಯಂತ್ರ ಕೊರೆದ ಮೇಲೆ ಕೈಯಿಂದ ತಿದ್ದುವ ಕೆಲಸವನ್ನು ಒಬ್ಬ ಗುಡಿಗಾರರ ಬಳಿ ಕಲಿಯಬೇಕೆಂದು. ಬರಿಯ ಯಂತ್ರದ ಹೂವು ಎಲ್ಲ ಅಂಗಡಿಯಲ್ಲೂ ಒಂದೇ.

ಬೇಸಿಗೆಯಲ್ಲಿ ಒಂದು ದಿನ ಹುಡುಗನನ್ನೂ ಅವನ ತಂದೆಯವರನ್ನೂ ಕರೆದುಕೊಂಡು ಯಲ್ಲಾಪುರ, ಕಲಘಟಗಿ ದಾರಿಯಾಗಿ ಹುಬ್ಬಳ್ಳಿಗೆ ಇಳಿದು ಶಿರಗುಪ್ಪಿಗೆ ಹೋಗಿ ಬಂದೆವು. ಸುತ್ತ ಬಯಲು, ಕರಿ ಎರೆಮಣ್ಣಿನ ಹೊಲ; ನಮ್ಮ ಕಡೆಯವರಿಗೆ ಕಣ್ಣು ಎಲ್ಲಿ ನಿಲ್ಲಿಸಬೇಕೆಂದೇ ತಿಳಿಯದಷ್ಟು ದೂರ ಆಕಾಶ. ಬಡಿಗೇರರು ನೇರ ಮನುಷ್ಯರು. ಚಹಾ ಕೊಟ್ಟು ಕುಳ್ಳಿರಿಸಿ, ಯಂತ್ರದ ಮೇಲಿನ ಧೂಳನ್ನೂ ಒರೆಸದೆ ತೋರಿಸಿದರು. 'ನೋಡ್ರಿ ಸಾಹೇಬ್ರ, ಮಷಿನ್ ದುಡದೈತಿ, ನಾ ಸುಳ್ಳ ಹೇಳಂಗಿಲ್ಲ. ಆದ್ರ ಎರಡ ವರ್ಷದ ಮಾಲಿಗೆ ಎಪ್ಪತ್ತ ಸಾವಿರ ಕೇಳೂದು ಹೆಚ್ಚೇನ್ರಿ?' ಎಂದರು. ಬಾಗಿಲಿನ ಕೆಲಸ ಹೆಚ್ಚಾಗಿ ದೊಡ್ಡ ಯಂತ್ರ ತರುವವರಿದ್ದಾರೆ. ಇದನ್ನು ಮಾರಲು ಕಾರಣ ಅದು.

ಎಷ್ಟು ಗಂಟೆ ಓಡಿದೆ ಎಂಬುದಕ್ಕೆ ಅವರಲ್ಲಿ ದಾಖಲೆ ಇರಲಿಲ್ಲ. ಆದರೂ ಅಂದಾಜಿಗೆ ದಾರಿಯಿದೆ. ಕಂಪ್ಯೂಟರಿನಲ್ಲಿ ಪ್ರತಿ ವಿನ್ಯಾಸದ ಕಡತಕ್ಕೂ ತಾರೀಖು ಇರುತ್ತದೆ. ಒಂದು ತಿಂಗಳದ್ದನ್ನು ಹುಡುಗ ಎಣಿಸಿದ. ಬ್ರಶ್ಶು, ಬಿಟ್ಟು ಕೊಂಡ ಬಿಲ್ಲುಗಳನ್ನು ಬಡಿಗೇರರು ಮೊಳೆಗೆ ಚುಚ್ಚಿ ಇಟ್ಟಿದ್ದರು. ಎರಡನ್ನೂ ತಾಳೆ ನೋಡಿದಾಗ ಸುಮಾರು 4,000 ಗಂಟೆ ಎಂದು ಗೊತ್ತಾಯಿತು. ಕೆಲವು ಸ್ಪಿಂಡಲ್ ನಿಯಂತ್ರಕಗಳಲ್ಲಿ ಓಡಿದ ಗಂಟೆ ತಾನೇ ದಾಖಲಾಗುತ್ತದೆ. ಅಂಥದಿದ್ದರೆ ಮೊದಲು ಅದನ್ನೇ ನೋಡಬೇಕು.

ಬಳಿಕ ಒಂದು ಹಲಗೆಯ ಮೇಲೆ ಒಂದೂವರೆ ಅಡಿಯ ದೊಡ್ಡ ವೃತ್ತ, ಅದರ ಹೊರಗೆ ಒಂದು ಚೌಕ ಕೊರೆಯಿಸಿದೆವು. ಚೌಕದ ಎರಡು ಕರ್ಣಗಳನ್ನು ಟೇಪಿನಿಂದ ಅಳೆದಾಗ ಸಮನಾಗಿದ್ದವು. ಚೌಕಟ್ಟು ಓರೆಯಾಗಿಲ್ಲವೆಂದು ಇದರ ಅರ್ಥ. ವೃತ್ತ ಮಾತ್ರ ನಾಲ್ಕು ದಿಕ್ಕಿನಲ್ಲಿ, ತಲೆ ದಿಕ್ಕು ಬದಲಿಸುವ ಜಾಗದಲ್ಲಿ, ಚಪ್ಪಟೆಯಾಗಿತ್ತು. ಸ್ಕ್ರೂ, ನಟ್ಟುಗಳ ನಡುವೆ ಆಟ ಬಂದಿದೆಯೆಂಬುದಕ್ಕೆ ಇದಕ್ಕಿಂತ ಸುಲಭದ ಸಾಕ್ಷಿಯಿಲ್ಲ. ಡಯಲ್ ಗೇಜ್ ಇಟ್ಟು ಅಳೆದಾಗ ಮೇಜಿನ ನಡುವೆ 0.4 ಮಿ.ಮೀ., ತುದಿಯಲ್ಲಿ 0.1 ಮಿ.ಮೀ. ಬಂತು. ನಾಮಫಲಕಕ್ಕೆ ಇದು ನಡೆದೀತು, ಜೋಡಿಸಬೇಕಾದ ಮಂಟಪದ ಕೆಲಸಕ್ಕೆ ನಡೆಯದು. ಬಿಟ್ಟು ತೆಗೆದು ಮೋಟಾರನ್ನು ಕಾಲು ಗಂಟೆ ಬರಿದೇ ಓಡಿಸಿದೆವು. ಸದ್ದಿನಲ್ಲಿ ಕರಕರ ಇತ್ತು, ಬೇರಿಂಗಿನ ಜಾಗ ಕೈಯಿಡಲಾಗದಷ್ಟು ಬಿಸಿಯಾಯಿತು, ಬ್ರಶ್ಶಿನ ಕಿಂಡಿಯಲ್ಲಿ ಕಿಡಿ ಸುತ್ತಲೂ ಹರಡುತ್ತಿತ್ತು. ಆ ಮೋಟಾರಿಗೆ ಬೆಲೆ ಕಟ್ಟುವ ಅಗತ್ಯವಿಲ್ಲ.

ಬೆಲೆ ಹೇಗೆ ಕಟ್ಟಬೇಕು? ಲೆಕ್ಕಪತ್ರದ ರೀತಿ ಒಂದಿದೆ. ಆದಾಯ ತೆರಿಗೆಯ ಲೆಕ್ಕದಲ್ಲಿ ಸಾಮಾನ್ಯ ಯಂತ್ರಗಳಿಗೆ ಪ್ರತಿ ವರ್ಷ ಉಳಿದ ಬೆಲೆಯ ಮೇಲೆ ನೂರಕ್ಕೆ 15ರಂತೆ ಸವಕಳಿ ಕಳೆಯುತ್ತಾರೆ. ಅದರಂತೆ ಒಂದು ಲಕ್ಷದ್ದು ಮೊದಲ ವರ್ಷಕ್ಕೆ 85,000, ಎರಡನೆಯದಕ್ಕೆ 72,250. ಬಡಿಗೇರರ 70,000 ಇದಕ್ಕೆ ಹತ್ತಿರವಿದೆ. ಅವರ ಲೆಕ್ಕ ಬರೆಯುವವರು ಹೇಳಿದ ಅಂಕಿ ಇದೇ ಇರಬೇಕು. ಆದರೆ ಅದು ತೆರಿಗೆಗಾಗಿ ಮಾಡಿದ ನಿಯಮ. ಯಂತ್ರ ವಾರಕ್ಕೆ ನಾಲ್ಕು ಗಂಟೆ ಓಡಿತೋ ನಲವತ್ತು ಗಂಟೆ ಓಡಿತೋ ಅದಕ್ಕೆ ಗೊತ್ತಿಲ್ಲ.

ನಾವು ಭಾಗ ಭಾಗವಾಗಿ ಕಟ್ಟಿದೆವು. ಹೊಸ ಯಂತ್ರದ ಒಂದು ಲಕ್ಷದಲ್ಲಿ ಚೌಕಟ್ಟು ಮತ್ತು ಮೇಜಿಗೆ 35,000, ವಿದ್ಯುತ್ ಭಾಗ ಮತ್ತು ಸ್ಟೆಪ್ಪರ್ ಮೋಟಾರಿಗೆ 20,000, ಹಳಿ, ಸ್ಕ್ರೂ ಮುಂತಾದವಕ್ಕೆ 25,000, ಕೊರೆಯುವ ಮೋಟಾರಿಗೆ 15,000, ವೈರು ಮತ್ತು ಬಿಟ್ಟು ಹಿಡಿಯುವ ಕಾಲೆಟ್ ಇತ್ಯಾದಿಗೆ 5,000 ಎಂದು ಹಂಚಿದೆವು. ಇದು ಆ ಯಂತ್ರಕ್ಕೆ ನಾವು ಮಾಡಿಕೊಂಡ ಅಂದಾಜು. ಬೇರೆ ಯಂತ್ರಕ್ಕೆ ಬೇರೆ ಬಂದೀತು. ಚೌಕಟ್ಟಿಗೆ ನೂರಕ್ಕೆ 70ರಂತೆ 24,500 ಕೊಟ್ಟೆವು. ವಿದ್ಯುತ್ ಭಾಗಕ್ಕೆ ಅರ್ಧ, 10,000. ಚಲಿಸುವ ಭಾಗಗಳಲ್ಲಿ ಹಳಿ ಉಳಿಯುತ್ತದೆ, ಸ್ಕ್ರೂ ಹೋಗಿದೆ, 8,000. ಮೋಟಾರು, ವೈರುಗಳಿಗೆ ಸೊನ್ನೆ. ಒಟ್ಟು 42,500. ಇದರಲ್ಲಿ ಬಿಚ್ಚಿ ಕಟ್ಟುವ ಕೂಲಿ 4,000, ಘಟ್ಟಕ್ಕೆ ಸಾಗಿಸುವ ಖರ್ಚು 3,500 ಕಳೆದರೆ ಉಳಿಯುವುದು ರೂ. 35,000. ಲೆಕ್ಕಪತ್ರದ ಬೆಲೆಗೂ ಇದಕ್ಕೂ 37,250 ರೂಪಾಯಿ ಅಂತರ. ಆ ಅಂತರವನ್ನು ಸಾಲ ಮಾಡಿ ಕೊಟ್ಟರೆ ಹುಡುಗ ಇಲ್ಲದ ಯಂತ್ರಕ್ಕೆ ಬಡ್ಡಿ ಕಟ್ಟುತ್ತಾನೆ.

ಹಾಗಾದರೆ ಬಡಿಗೇರರಿಗೆ ನಷ್ಟವಾಯಿತೇ? ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. 1,00,000ಕ್ಕೆ ಕೊಂಡು 35,000ಕ್ಕೆ ಮಾರಿದರೆ ಇಳಿದ ಬೆಲೆ 65,000. ಅದನ್ನು 4,000 ಗಂಟೆಗೆ ಹಂಚಿದರೆ ಗಂಟೆಗೆ 16 ರೂಪಾಯಿ 25 ಪೈಸೆ. ಅದೇ ಯಂತ್ರವನ್ನು ಹವ್ಯಾಸಿಯೊಬ್ಬ ಎರಡು ವರ್ಷದಲ್ಲಿ 416 ಗಂಟೆ ಓಡಿಸಿ 70,000ಕ್ಕೆ ಮಾರಿದನೆನ್ನಿ. ಇಳಿದದ್ದು 30,000, ಗಂಟೆಗೆ 72 ರೂಪಾಯಿ ಬಿತ್ತು. ಕಡಿಮೆ ಬೆಲೆಗೆ ಮಾರಿದ ಬಾಡಿಗೆಯವನೇ ಯಂತ್ರವನ್ನು ಅಗ್ಗವಾಗಿ ಬಳಸಿದಂತಾಯಿತು! ಗಿರಾಕಿಯಿಂದ ಪಡೆದ ಪ್ರತಿ ಗಂಟೆಯ ಬಾಡಿಗೆಯಲ್ಲಿ 16 ರೂಪಾಯಿ ಚಿಲ್ಲರೆಯನ್ನು ಬೇರೆ ಎತ್ತಿಟ್ಟಿದ್ದರೆ ಇಂದು ಅವರ ಕೈಯಲ್ಲಿ 65,000 ಇರಬೇಕಿತ್ತು. ಈ ಮಾತನ್ನು ಕೇಳಿದಾಗ ಅವರು ನಕ್ಕು, 'ಅದು ಕೂಲಿ ಅಂತ ತಿಳಕೊಂಡ್ವಿರಿ, ಮನ್ಯಾಗ ತಿಂದ ಹೋತು' ಎಂದರು. ಸವಕಳಿಯ ಹಣ ಖರ್ಚಾಗಿ, ಅದನ್ನು ಮರುಮಾರಾಟದಲ್ಲಿ ಎರಡನೆಯ ಸಲ ಪಡೆಯಲು ಹೋದಾಗ ಬೆಲೆ ಏರುತ್ತದೆ. ಮಾರುವವರಲ್ಲಿ ಕಪಟವಿಲ್ಲದಿದ್ದರೂ ಹೀಗಾಗುತ್ತದೆ.

ಇದು ನಮ್ಮ ತೋಟದ ಯಂತ್ರಗಳಿಗೂ ಸಲ್ಲುವ ಮಾತು. ಸ್ವಂತ ತೋಟಕ್ಕೆಂದು ಕೊಂಡ ಕಳೆ ಕತ್ತರಿಸುವ ಯಂತ್ರವನ್ನು ಮಳೆಗಾಲದಲ್ಲಿ ಊರೆಲ್ಲ ಬಾಡಿಗೆಗೆ ಕೊಡುವವರಿದ್ದಾರೆ. ಪೆಟ್ರೋಲು ಮತ್ತು ಆಳಿನ ಕೂಲಿಯನ್ನಷ್ಟೇ ಲೆಕ್ಕ ಹಿಡಿಯುತ್ತಾರೆ. ಎರಡು ಸ್ಟ್ರೋಕಿನ ಇಂಜಿನಿಗೆ ಎಣ್ಣೆಯ ಪ್ರಮಾಣ ಒಂದು ದಿನ ತಪ್ಪಿದರೂ ಪಿಸ್ಟನ್ನಿಗೆ ಗೀರು ಬೀಳುತ್ತದೆ. ಕೊನೆಯ ಕಾಲದಲ್ಲಿ ಮನೆಮನೆಗೆ ಹೋಗುವ ಅಡಿಕೆ ಸುಲಿಯುವ ಯಂತ್ರದ ಅಲಗು, ಬೆಲ್ಟು, ಬೇರಿಂಗುಗಳದೂ ಇದೇ ಕಥೆ. ಒಂದು ನೋಟು ಪುಸ್ತಕದಲ್ಲಿ ಓಡಿದ ಗಂಟೆ ಬರೆದಿಟ್ಟವರಿಗೆ ಮಾರುವಾಗ ಹೆಚ್ಚು ಬೆಲೆ ಸಿಗುತ್ತದೆ, ಏತಕ್ಕೆಂದರೆ ಕೊಳ್ಳುವವನ ಅನುಮಾನಕ್ಕೂ ಒಂದು ಬೆಲೆಯಿದೆ, ಅದನ್ನು ಅವನು ಕಳೆದೇ ಕೇಳುತ್ತಾನೆ.

ಕಡಿಮೆ ಓಡಿದ ಯಂತ್ರವೆಲ್ಲ ಒಳ್ಳೆಯದೆಂದೂ ತಿಳಿಯಬಾರದು. ಶಿರಗುಪ್ಪಿಯ ಒಣ ಹವೆಯಲ್ಲಿ ಸವೆತಕ್ಕೆ ಕಾರಣ ದುಡಿಮೆ; ಘಟ್ಟದ ಮೇಲೆ ಜೂನಿನಿಂದ ಸೆಪ್ಟೆಂಬರಿನವರೆಗೆ ಸುಮ್ಮನೆ ನಿಂತರೂ ಸವೆಯುತ್ತದೆ. ಹಳಿ, ಸ್ಕ್ರೂಗಳಿಗೆ ತುಕ್ಕು ಹಿಡಿದು, ಮಳೆ ಮುಗಿದ ಮೇಲೆ ಓಡಿಸಿದಾಗ ಆ ತುಕ್ಕೇ ನಟ್ಟನ್ನು ಅರೆಯುತ್ತದೆ. ಮಲೆನಾಡಿನ ಹವ್ಯಾಸಿಯ ಕೊಟ್ಟಿಗೆಯಲ್ಲಿ ಮೂರು ಮಳೆಗಾಲ ಕಂಡ 'ಮುಟ್ಟದ' ಯಂತ್ರಕ್ಕಿಂತ ದಿನವೂ ಎಣ್ಣೆ ಕಂಡ ಬಾಡಿಗೆಯ ಯಂತ್ರ ಮೇಲಾಗಿರಬಹುದು. ಹಲಗೆಗಳನ್ನು ಒಣಗಿಸುವ ಅಟ್ಟದ ಬಳಿ, ಬೆಚ್ಚಗಿನ ಜಾಗದಲ್ಲಿ ಯಂತ್ರ ಇಡುವಂತೆ ಹುಡುಗನಿಗೆ ಹೇಳಿದ್ದೇವೆ.

ಆಡಳಿತ ಮಂಡಳಿ ಯಂತ್ರದ ಆಧಾರ ಬೆಲೆಯನ್ನು ರೂ. 35,000 ಎಂದು ಒಪ್ಪಿ, ಅದರ ಮುಕ್ಕಾಲು ಪಾಲು, ಅಂದರೆ ರೂ. 26,250 ಸಾಲ ಮಂಜೂರು ಮಾಡಿದೆ. ಹೊಸ ಮೋಟಾರು, ಸ್ಕ್ರೂಗಳ ಹಣವನ್ನು ತಂದೆಯವರು ಅಡಿಕೆಯ ವಿಕ್ರಿಯಿಂದ ಹಾಕುವುದಾಗಿ ಬರೆದುಕೊಟ್ಟಿದ್ದಾರೆ. ಸಾಲದ ಜತೆ ಒಂದು ಷರತ್ತಿದೆ: ಓಡಿದ ಗಂಟೆಯ ಪುಸ್ತಕ ಇಡಬೇಕು, ಗಂಟೆಗೆ 20 ರೂಪಾಯಿಯಂತೆ ಸಂಘದಲ್ಲಿ ಬೇರೆ ಠೇವಣಿ ಕಟ್ಟಬೇಕು. ಬಡಿಗೇರರು 40,000ಕ್ಕೆ ಇಳಿದಿದ್ದಾರೆ. ಮಾತು ಇನ್ನೂ ನಡೆದಿದೆ.

ಅಂದು ಬಳಸಿದ ಡಯಲ್ ಗೇಜ್ ಮತ್ತು ಅದರ ಆಯಸ್ಕಾಂತದ ಸ್ಟ್ಯಾಂಡು ಈಗ ಸಂಘದ ಕಚೇರಿಯಲ್ಲಿವೆ. ಹಳೆಯ ಯಂತ್ರ ನೋಡಲು ಹೋಗುವ ಸದಸ್ಯರು ರಸೀದಿ ಪುಸ್ತಕದಲ್ಲಿ ಸಹಿ ಮಾಡಿ ಎರಡು ದಿನದ ಮಟ್ಟಿಗೆ ಒಯ್ಯಬಹುದು. ಅಳೆಯುವ ರೀತಿಯನ್ನು ಕಚೇರಿಯ ವೇಳೆಯಲ್ಲಿ ತೋರಿಸಿಕೊಡಲಾಗುವುದು.